ಅಡ್ವಾನ್ಸ್ ಕೊಟ್ಟಾಯ್ತು, ರಿಜಿಸ್ಟ್ರೇಷನ್ ಮಾತ್ರ ಆಗ್ತಿಲ್ಲ!

‘ಆರು ತಿಂಗಳಲ್ಲಿ ರಿಜಿಸ್ಟ್ರೇಷನ್, ಯುಗಾದಿ ಕಳೆದ ಮೇಲೆ ಗುದ್ದಲಿ ಪೂಜೆ.’

2022ರ ಜೂನ್‌ನಲ್ಲಿ ನಮ್ಮ ಭಾವ ಹೀಗೆ ಹೇಳಿದಾಗ ಅಕ್ಕ ಆಗಲೇ ಅಡುಗೆಮನೆ ಯಾವ ಮೂಲೆಗೆ ಬರಬೇಕು ಅಂತ ಕಾಗದದ ಮೇಲೆ ಗೆರೆ ಎಳೀತಿದ್ದಳು. ಮೈಸೂರಿನಲ್ಲಿ ಒಂದು 30-40 ಸೈಟು. 48 ಲಕ್ಷಕ್ಕೆ ಮಾತಾಗಿತ್ತು. 8 ಲಕ್ಷ ಅಡ್ವಾನ್ಸ್ ಬ್ಯಾಂಕ್ ಮೂಲಕ ಹೋಯಿತು. ‘ಮನೆಯಲ್ಲಿ ಶುಭಕಾರ್ಯ ಇದೆ, ಸ್ವಲ್ಪ ಕೈಗೆ ಕೊಡಿ’ ಅಂದ ಮಾಲೀಕರಿಗೆ ಒಂದೂವರೆ ಲಕ್ಷ ನಗದನ್ನೂ ಭಾವ ಕೊಟ್ಟರು. ಸ್ಟಾಂಪ್ ಪೇಪರ್ ಮೇಲೆ ಅಗ್ರಿಮೆಂಟ್ ಆಯಿತು, ಎರಡೂ ಕಡೆಯವರು ಸಹಿ ಹಾಕಿದರು, ನೋಟರಿ ಸೀಲೂ ಬಿತ್ತು. ಎಲ್ಲರೂ ಕಾಫಿ ಕುಡಿದು ಎದ್ದರು.

ಡಿಸೆಂಬರ್ ಬಂತು. ‘ಧನುರ್ಮಾಸ ಮುಗೀಲಿ ಸಾರ್’ ಅಂದರು ಮಾಲೀಕರು. ಸಂಕ್ರಾಂತಿ ಆಯಿತು. ‘ಖಾತಾ ಕೆಲಸ ಸ್ವಲ್ಪ ಬಾಕಿ ಇದೆ.’ ಯುಗಾದಿಯೂ ಆಯಿತು. ‘ಆಷಾಢ ಕಳೀಲಿ.’ ಆ ವರ್ಷ ಆಷಾಢದ ಬೆನ್ನಿಗೇ ಅಧಿಕ ಮಾಸ ಬೇರೆ! ಅಷ್ಟರಲ್ಲಿ ಪಕ್ಕದ ಸೈಟು 65 ಲಕ್ಷಕ್ಕೆ ಹೋಯಿತು. ಒಂದು ಸಂಜೆ ಮಾಲೀಕರ ಮಗ ಫೋನ್ ಮಾಡಿದ. ‘ಅಪ್ಪನಿಗೆ ರೇಟ್ ಗೊತ್ತಿರಲಿಲ್ಲ ಸಾರ್. ನಿಮ್ಮ ಅಡ್ವಾನ್ಸ್ ವಾಪಸ್ ಕೊಡ್ತೀವಿ, ಬಿಟ್ಟುಬಿಡಿ.’

ಭಾವ ಫೈಲ್ ಹಿಡಿದು ವಕೀಲರ ಹತ್ತಿರ ಓಡಿದರು. ಮಾಲೀಕರು ಹೇಗೆ ಮೋಸ ಮಾಡಿದರು ಅಂತ ಅರ್ಧ ಗಂಟೆ ಹೇಳಿದರು. ವಕೀಲರು ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: ‘ಅವರ ವಿಷಯ ಇರಲಿ ಸಾರ್. ಹೋದ ಡಿಸೆಂಬರ್‌ನಲ್ಲಿ ನಿಮ್ಮ ಹತ್ರ ಬಾಕಿ 40 ಲಕ್ಷ ಇತ್ತಾ? ಇತ್ತು ಅನ್ನೋದಕ್ಕೆ ಏನಿದೆ ತೋರಿಸಿ.’

ಭಾವ ಸುಮ್ಮನಾದರು.

ಮಾತು ತಪ್ಪಿದ ಮಾರಾಟಗಾರನ ಮೇಲೆ ಹಾಕುವ ಈ ದಾವೆಯಲ್ಲಿ ಮೊದಲ ಪರೀಕ್ಷೆ ಕೊಂಡುಕೊಳ್ಳುವವನಿಗೇ. ಇದು ಗೊತ್ತಿಲ್ಲದೆ ಸೋತವರು ಬಹಳ ಮಂದಿ. ಇಎಂಐ ಲೆಕ್ಕ ಹಾಕುತ್ತಾ ಸೈಟ್ ಹುಡುಕುತ್ತಿರುವ ನೀವು ಅಡ್ವಾನ್ಸ್ ಕೊಡುವ ಮೊದಲೇ ಇದನ್ನು ತಿಳಿದುಕೊಂಡರೆ ಒಳ್ಳೆಯದು.

ಅಗ್ರಿಮೆಂಟ್ ಅಂದರೆ ಆಸ್ತಿ ಅಲ್ಲ

ಅಗ್ರಿಮೆಂಟ್ ಕೈಗೆ ಬಂದ ದಿನವೇ ‘ಸೈಟ್ ತಗೊಂಡ್ವಿ’ ಅಂತ ಸ್ವೀಟ್ ಹಂಚುತ್ತೇವೆ. ಕಾನೂನು ಹಾಗೆ ಹೇಳುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಪ್ರಕಾರ ಮಾರಾಟದ ಕರಾರು ತನ್ನಷ್ಟಕ್ಕೆ ಆ ಆಸ್ತಿಯಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ನೋಂದಣಿಯಾದ ಕ್ರಯಪತ್ರ ಆದಾಗಲೇ ಒಡೆತನ ಬದಲಾಗುವುದು. ಜಿಪಿಎ, ಅಗ್ರಿಮೆಂಟ್, ವಿಲ್ ಮೂರನ್ನೂ ಸೇರಿಸಿ ಮಾಡುವ ‘ಮಾರಾಟ’ದಿಂದಲೂ ಒಡೆತನ ಬರುವುದಿಲ್ಲ ಅಂತ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಹಾಗಾದರೆ ಅಗ್ರಿಮೆಂಟ್‌ನಿಂದ ಸಿಗುವುದೇನು? ‘ಕೊಟ್ಟ ಮಾತಿನಂತೆ ಕ್ರಯಪತ್ರ ಮಾಡಿಕೊಡಿ’ ಅಂತ ಕೋರ್ಟಿನ ಮೂಲಕ ಕೇಳುವ ಹಕ್ಕು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ಹಾಕುವ ಈ ದಾವೆಗೆ ಕೋರ್ಟ್ ಆವರಣದಲ್ಲಿ ಎಲ್ಲರೂ ‘ಸ್ಪೆಸಿಫಿಕ್ ಪರ್ಫಾರ್ಮೆನ್ಸ್ ಸೂಟ್’ ಅಂತಲೇ ಅನ್ನುತ್ತಾರೆ.

ಮೊದಲೆಲ್ಲ ಕರಾರು ನಿಜ ಅಂತ ಸಾಬೀತಾದರೂ ಸೈಟು ಕೊಡಿಸಬೇಕೋ, ಬರೀ ಹಣ ಕೊಡಿಸಬೇಕೋ ಅನ್ನುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತ್ತು. 2018ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು, ಆ ವರ್ಷದ ಅಕ್ಟೋಬರ್ 1ರಿಂದ ಜಾರಿಯಾಯಿತು. ಈಗ ಕಾಯ್ದೆಯ ಷರತ್ತುಗಳಿಗೆ ಒಳಪಟ್ಟು ಕರಾರನ್ನು ಜಾರಿ ಮಾಡಿಸುವುದೇ ನಿಯಮ. ಕೊಂಡುಕೊಳ್ಳುವವರಿಗೆ ಇದು ದೊಡ್ಡ ಬಲ. ಆದರೆ ಒಂದು ಷರತ್ತು ಹಾಗೇ ಉಳಿದಿದೆ. ವಕೀಲರು ಭಾವನಿಗೆ ಕೇಳಿದ್ದು ಅದನ್ನೇ.

ದುಡ್ಡೂ ಇರಬೇಕು, ಮನಸ್ಸೂ ಇರಬೇಕು

ಕಾಯ್ದೆಯ 16(ಸಿ) ಕಲಂ ಪ್ರಕಾರ, ಕರಾರಿನಲ್ಲಿ ತನ್ನ ಪಾಲಿನ ಕೆಲಸ ಮಾಡಲು ತಾನು ಸದಾ ಸಿದ್ಧನಿದ್ದೆ, ಇಚ್ಛೆಯೂ ಇತ್ತು ಅಂತ ದಾವೆ ಹಾಕಿದವನು ಸಾಬೀತು ಮಾಡಬೇಕು. ಸಿದ್ಧತೆ ಅಂದರೆ ಬಾಕಿ ಹಣ ಹೊಂದಿಸುವ ಶಕ್ತಿ. ಇಚ್ಛೆ ಅಂದರೆ ನಡವಳಿಕೆ: ಕೇಳಿದ್ದೀರಾ, ಬೆನ್ನು ಹತ್ತಿದ್ದೀರಾ, ಅಥವಾ ರೇಟ್ ಏರಲಿ ಅಂತ ಸುಮ್ಮನೆ ಕೂತಿದ್ದೀರಾ? ಇದನ್ನು ರಿಜಿಸ್ಟ್ರೇಷನ್ ಗಡುವಿನ ದಿನ ಮಾತ್ರ ತೋರಿಸಿದರೆ ಸಾಲದು. ಕರಾರಿನ ದಿನದಿಂದ ಕೇಸ್ ಮುಗಿಯುವ ತನಕ ಇದು ಎಳೆ ಹರಿಯದೆ ಇರಬೇಕು.

ಹಾಗಂತ 40 ಲಕ್ಷ ನೋಟಿನ ಕಂತೆ ಕಟ್ಟಿ ತೋರಿಸಬೇಕಾಗಿಲ್ಲ. ಕೋರ್ಟ್ ಹೇಳದ ಹೊರತು ಹಣವನ್ನು ಮೊದಲೇ ಠೇವಣಿ ಇಡಬೇಕಾಗಿಯೂ ಇಲ್ಲ ಅಂತ ಅದೇ ಕಲಂ ಹೇಳುತ್ತದೆ. ಬೇಕಾದ್ದು ದಾಖಲೆ: ಬ್ಯಾಂಕ್ ಸ್ಟೇಟ್‌ಮೆಂಟ್, ಎಫ್‌ಡಿ, ಹೋಮ್ ಲೋನ್ ಮಂಜೂರಾತಿ ಪತ್ರ, ಐಟಿ ರಿಟರ್ನ್ಸ್. ಎಲ್ಲದರ ಮೇಲಿನ ದಿನಾಂಕವೂ ಆ ಅವಧಿಗೇ ಸೇರಿರಬೇಕು. ‘ಅಗ ಅಪ್ಪ ಕೊಡ್ತೀನಿ ಅಂದಿದ್ರು, ಸ್ನೇಹಿತರು ಸಾಲ ಕೊಡ್ತಿದ್ರು’ ಅನ್ನುವ ಬಾಯಿಮಾತಿಗೆ ಅಡ್ಡಸವಾಲಿನಲ್ಲಿ ಬೆಲೆ ಇಲ್ಲ. ಗಡುವು ಮುಗಿದು ವರ್ಷಗಳಾದ ಮೇಲೆ ಕೋರ್ಟಿಗೆ ಹಣ ಕಟ್ಟಿಬಿಟ್ಟರೆ, ಗಡುವಿನ ದಿನ ಹಣ ಇತ್ತು ಅಂತಾಗುವುದಿಲ್ಲ ಅನ್ನುವುದನ್ನೂ ಸುಪ್ರೀಂ ಕೋರ್ಟ್ ಹೇಳಿದೆ.

ಭಾವನನ್ನು ಉಳಿಸಿದ್ದು ಅಕ್ಕ. ಭಾವನ ಹಳೇ ಫೋನ್ ಕೆಟ್ಟು ಮಾಲೀಕರ ಜೊತೆಗಿನ ವಾಟ್ಸಾಪ್ ಮಾತುಕತೆಯೆಲ್ಲ ಹೋಗಿತ್ತು. ಆದರೆ 2022ರ ನವೆಂಬರ್‌ನಲ್ಲಿ ಬ್ಯಾಂಕ್ ಕೊಟ್ಟಿದ್ದ 32 ಲಕ್ಷದ ಲೋನ್ ಮಂಜೂರಾತಿ ಪತ್ರವನ್ನು ಅಕ್ಕ ಬೀರುವಿನಲ್ಲಿ ಎತ್ತಿಟ್ಟಿದ್ದಳು. ಅವಳ ಹೆಸರಿನ 9 ಲಕ್ಷದ ಎಫ್‌ಡಿ ರಸೀದಿಯೂ ಜೊತೆಗಿತ್ತು. 32ಕ್ಕೆ 9 ಸೇರಿದರೆ 41. ಬಾಕಿ ಇದ್ದದ್ದು 40. ವಕೀಲರ ಮುಖದಲ್ಲಿ ಆಗ ಸ್ವಲ್ಪ ನಗು ಕಂಡಿತಂತೆ.

ಮೂರು ವರ್ಷ ಇದೆ ಅಂತ ಕೂತರೆ

ಈ ದಾವೆ ಹಾಕಲು ಕಾಲಮಿತಿ ಮೂರು ವರ್ಷ. ಅಗ್ರಿಮೆಂಟ್‌ನಲ್ಲಿ ದಿನಾಂಕ ಗೊತ್ತು ಮಾಡಿದ್ದರೆ ಆ ದಿನದಿಂದ ಲೆಕ್ಕ. ಗೊತ್ತು ಮಾಡಿಲ್ಲದಿದ್ದರೆ ಮಾರಾಟಗಾರ ‘ಮಾಡಿಕೊಡಲ್ಲ’ ಅಂದದ್ದು ನಿಮಗೆ ತಿಳಿದ ದಿನದಿಂದ. ಕಾಲಮಿತಿ ಕಾಯ್ದೆಯ 54ನೇ ಅನುಚ್ಛೇದ ಹೇಳುವುದು ಇಷ್ಟು.

ಆದರೆ ಮೂರು ವರ್ಷ ಅನ್ನುವುದು ಕೊನೆಯ ಗೆರೆ, ವಿಶ್ರಾಂತಿಯ ಅವಧಿ ಅಲ್ಲ. ತಮಿಳುನಾಡಿನ ಒಂದು ಮನೆಯ ಪ್ರಕರಣ ಕೇಳಿ. 60 ಸಾವಿರಕ್ಕೆ ಕರಾರು, 5 ಸಾವಿರ ಅಡ್ವಾನ್ಸ್, ಆರು ತಿಂಗಳ ಗಡುವು. ಕೊಂಡುಕೊಳ್ಳಬೇಕಾದವರು ಸುಮಾರು ಎರಡೂವರೆ ವರ್ಷ ಸುಮ್ಮನಿದ್ದು ಆಮೇಲೆ ದಾವೆ ಹಾಕಿದರು. ಅಷ್ಟರಲ್ಲಿ ಬೆಲೆ ಎಷ್ಟೋ ಪಟ್ಟು ಏರಿತ್ತು. ಮೂರು ವರ್ಷದ ಒಳಗೇ ಬಂದಿದ್ದರೂ ಮನೆ ಕೊಡಿಸಲು ಸುಪ್ರೀಂ ಕೋರ್ಟ್ 1997ರಲ್ಲಿ ಒಪ್ಪಲಿಲ್ಲ. ನಗರದ ಆಸ್ತಿಗಳ ಬೆಲೆ ನಾಗಾಲೋಟದಲ್ಲಿ ಓಡುವಾಗ ಅಗ್ರಿಮೆಂಟ್‌ನ ಗಡುವನ್ನು ಹಗುರವಾಗಿ ನೋಡಲಾಗದು ಅನ್ನುವುದು ಅದರ ನಿಲುವು. ಕಾಯ್ದೆಗೆ ತಿದ್ದುಪಡಿ ಬಂದಿದ್ದರೂ ನಿಮ್ಮ ಮೌನ ನಿಮ್ಮ ‘ಇಚ್ಛೆ’ಯ ವಿರುದ್ಧದ ಸಾಕ್ಷಿಯಾಗಬಹುದು.

ಹಾಗಾಗಿ ಹಬ್ಬದ ನೆಪ ಒಂದು ಸಲ ಕೇಳಿ. ಎರಡನೇ ನೆಪಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡಿ. ಮೂರನೇ ನೆಪಕ್ಕೆ ವಕೀಲರ ನೋಟಿಸ್ ಹೋಗಲಿ: ‘ಹಣ ಸಿದ್ಧವಿದೆ, ಇಂಥ ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬನ್ನಿ.’ ಆ ದಿನ ನೀವಂತೂ ತಪ್ಪದೆ ಹೋಗಿ.

ಕೇಳದಿದ್ದರೆ ಸಿಗುವುದಿಲ್ಲ

‘ಸೈಟು ಕೊಡಿಸಿ’ ಅಂತ ಕೇಳಿದರೆ ಅಡ್ವಾನ್ಸ್ ವಾಪಸ್ ಬರುವುದು ಅದರಲ್ಲೇ ಸೇರಿದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. 22ನೇ ಕಲಂ ಪ್ರಕಾರ ಸ್ವಾಧೀನವನ್ನಾಗಲಿ, ಬದಲಿ ಪರಿಹಾರವಾಗಿ ಅಡ್ವಾನ್ಸ್ ವಾಪಸನ್ನಾಗಲಿ ವಾದಪತ್ರದಲ್ಲೇ ಬಿಡಿಸಿ ಕೇಳಿರಬೇಕು. ಮರೆತಿದ್ದರೆ ತಿದ್ದುಪಡಿ ಮಾಡಿಸಿಕೊಳ್ಳಲು ಅವಕಾಶವಿದೆ. ಆದರೆ ಅದನ್ನೂ ನೀವೇ ಕೇಳಬೇಕು.

2025ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ, ಕರ್ನಾಟಕದಿಂದಲೇ ಹೋದ ಒಂದು ಪ್ರಕರಣ ಕಣ್ಣು ತೆರೆಸುವಂಥದ್ದು. 55.5 ಲಕ್ಷಕ್ಕೆ 2007ರಲ್ಲಿ ಕರಾರಾಗಿತ್ತು, 20 ಲಕ್ಷ ಅಡ್ವಾನ್ಸ್ ಕೊಟ್ಟಿದ್ದರು, ಬಾಕಿ ಕೊಡಲು ನಾಲ್ಕು ತಿಂಗಳ ಗಡುವು. ಕೊಂಡುಕೊಳ್ಳುವವರು ತಮ್ಮ ಸಿದ್ಧತೆ ಸಾಬೀತು ಮಾಡಲಾಗಲಿಲ್ಲ. ಗಡುವು ತಪ್ಪಿದರೆ ಅಡ್ವಾನ್ಸ್ ಮುಟ್ಟುಗೋಲು ಅನ್ನುವ ಷರತ್ತೂ ಕರಾರಿನಲ್ಲಿತ್ತು. ಅಡ್ವಾನ್ಸ್ ವಾಪಸ್ ಬೇಕು ಅಂತ ದಾವೆಯಲ್ಲಿ ಕೇಳಿರಲೂ ಇಲ್ಲ. ಸೈಟೂ ಹೋಯಿತು, 20 ಲಕ್ಷವೂ ಹೋಯಿತು.

ಇನ್ನೊಂದು ಸೂಕ್ಷ್ಮ. ಮಾರಾಟಗಾರ ‘ಅಗ್ರಿಮೆಂಟ್ ರದ್ದು’ ಅಂತ ನೋಟಿಸ್ ಕಳಿಸಿದ್ದರೆ, ಆ ರದ್ದತಿಯೇ ಸರಿಯಲ್ಲ ಅಂತ ಘೋಷಿಸಲು ಕೂಡ ಅದೇ ದಾವೆಯಲ್ಲಿ ಕೇಳುವುದು ಕ್ಷೇಮ. ಹಾಗೆ ಕೇಳದ ದಾವೆ ನಿಲ್ಲುವುದಿಲ್ಲ ಅಂತ 2013ರಲ್ಲಿ ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ರದ್ದತಿ ನೋಟಿಸ್ ಬಂದರೆ ಸಿಟ್ಟಿನಿಂದ ಹರಿದು ಹಾಕಬೇಡಿ, ಉತ್ತರ ಕೊಡದೆಯೂ ಬಿಡಬೇಡಿ.

ಕೇಸ್ ನಡೆಯುವಾಗ ಸೈಟನ್ನು ಬೇರೆಯವರಿಗೆ ಮಾರಿಬಿಟ್ಟರೆ? ದಾವೆಯ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆಗೆ ಅರ್ಜಿ ಹಾಕಬೇಕು. ದಾವೆ ಬಾಕಿ ಇರುವಾಗ ಕೊಂಡವರು ಕೋರ್ಟಿನ ತೀರ್ಪಿಗೆ ಬದ್ಧರಾಗುತ್ತಾರೆ. ದಾವೆಗೆ ಮೊದಲೇ ಮಾರಿದ್ದರೆ ಮಾತು ಬೇರೆ. ನಿಮ್ಮ ಕರಾರಿನ ವಿಷಯ ಗೊತ್ತಿಲ್ಲದೆ, ಪ್ರಾಮಾಣಿಕವಾಗಿ ಹಣ ಕೊಟ್ಟು ಕೊಂಡವರನ್ನು ಕಾನೂನು ಕಾಪಾಡುತ್ತದೆ. ಅಗ್ರಿಮೆಂಟ್ ರಿಜಿಸ್ಟರ್ ಮಾಡಿಸುವುದರ ನಿಜವಾದ ಲಾಭ ಇಲ್ಲಿದೆ. ಅದು ಇ.ಸಿ.ಯಲ್ಲಿ ಕಾಣುತ್ತದೆ, ಆಮೇಲೆ ಕೊಳ್ಳುವವರು ‘ಗೊತ್ತಿರಲಿಲ್ಲ’ ಅನ್ನುವಂತಿಲ್ಲ.

ಕೈಗೆ ಕೊಟ್ಟ ದುಡ್ಡು

ಭಾವ ಕೊಟ್ಟ ಆ ಒಂದೂವರೆ ಲಕ್ಷ ನಗದು? ಮಾಲೀಕರ ಉತ್ತರ ಒಂದೇ ಸಾಲು: ‘ಅಂಥ ಯಾವ ಹಣವೂ ನಮಗೆ ಬಂದಿಲ್ಲ.’ ರಸೀದಿ ಇಲ್ಲ, ಅಗ್ರಿಮೆಂಟ್‌ನಲ್ಲಿ ನಮೂದಿಲ್ಲ. ಅಲ್ಲಿಗೆ ಮುಗಿಯಿತು.

ರಸೀದಿ ಇದ್ದರೂ ನಗದು ತೊಂದರೆಯೇ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ಅಡ್ವಾನ್ಸನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಅಲ್ಲಿ ಅಗ್ರಿಮೆಂಟ್ ಹಿಡಿದು ಬಂದವರು 75 ಲಕ್ಷ ನಗದು ಕೊಟ್ಟಿದ್ದೇವೆ ಅಂದಿದ್ದರು. 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಕೊಟ್ಟಿದ್ದೇವೆ ಅಂತ ಯಾರಾದರೂ ದಾವೆಯಲ್ಲಿ ಹೇಳಿಕೊಂಡರೆ, ಕೋರ್ಟುಗಳು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟಿತು. ಸಾಕ್ಷಿ ಅಂತ ನೀವೇ ಕೊಟ್ಟ ಹೇಳಿಕೆ ತೆರಿಗೆ ನೋಟಿಸ್ ಆಗಿ ಮನೆ ಬಾಗಿಲಿಗೆ ಬರಬಹುದು!

ಖರ್ಚೆಷ್ಟು, ಕಾಲವೆಷ್ಟು?

ಕರ್ನಾಟಕದಲ್ಲಿ ಈ ದಾವೆಗೆ ಕೋರ್ಟ್ ಶುಲ್ಕ ಕಟ್ಟುವುದು ಅಡ್ವಾನ್ಸ್ ಮೇಲಲ್ಲ, ಕರಾರಿನ ಪೂರ್ತಿ ಬೆಲೆಯ ಮೇಲೆ. ಭಾವ 48 ಲಕ್ಷದ ಲೆಕ್ಕದಲ್ಲೇ ಕಟ್ಟಬೇಕಾಯಿತು. ವಕೀಲರ ಫೀಸು ಬೇರೆ.

ಅಗ್ರಿಮೆಂಟ್‌ನ ಸ್ಟಾಂಪ್ ಶುಲ್ಕವನ್ನೂ ನೋಡಿಕೊಳ್ಳಿ. ಸ್ವಾಧೀನವನ್ನೂ ಬಿಟ್ಟುಕೊಟ್ಟಿದ್ದೇವೆ ಅಂತ ಬರೆದಿದ್ದರೆ ಕ್ರಯಪತ್ರದಷ್ಟೇ ಶುಲ್ಕ ಬೀಳುತ್ತದೆ. ಕಡಿಮೆ ಕಟ್ಟಿದ್ದರೆ ಆ ಕಾಗದ ಸಾಕ್ಷ್ಯವಾಗುವ ಮೊದಲು ಕೊರತೆಯ ಹಣದ ಜೊತೆ ಅದರ ಹತ್ತು ಪಟ್ಟು ದಂಡ ತೆರಬೇಕಾಗಿ ಬರಬಹುದು. ‘ಸುಮ್ನೆ ಒಂದು ಲೈನ್ ಇರ್ಲಿ’ ಅಂತ ಸ್ವಾಧೀನದ ಮಾತು ಸೇರಿಸಬೇಡಿ.

ಇನ್ನು ಕಾಲ. ಪ್ರತಿವಾದಿಗೆ ಸಮನ್ಸ್ ಮುಟ್ಟಿದ 12 ತಿಂಗಳೊಳಗೆ ತೀರ್ಮಾನ ಆಗಬೇಕು, ಹೆಚ್ಚೆಂದರೆ ಇನ್ನಾರು ತಿಂಗಳು ಅಂತ ತಿದ್ದುಪಡಿ ಹೇಳುತ್ತದೆ. ಕೋರ್ಟಿನ ಕಾರಿಡಾರ್ ಕಂಡವರು ಅದನ್ನು ಓದಿ ಸುಮ್ಮನೆ ನಗುತ್ತಾರೆ. ಮೇಲ್ಮನವಿ ಸೇರಿದರೆ ವರ್ಷಗಳೇ ಹಿಡಿಯುತ್ತವೆ. ಆ ವರ್ಷಗಳಲ್ಲೆಲ್ಲ ಬಾಕಿ ಹಣದ ಶಕ್ತಿಯನ್ನು ಉಳಿಸಿಕೊಂಡೇ ಇರಬೇಕು ಅನ್ನುವುದು ಮಧ್ಯಮ ವರ್ಗದ ಮನೆಗೆ ದೊಡ್ಡ ಹೊರೆ. ಬಾಡಿಗೆ ಮನೆಯಲ್ಲಿದ್ದು, ಬೇರೆ ಸೈಟೂ ಕೊಳ್ಳಲಾಗದೆ, ಎಫ್‌ಡಿಯನ್ನೂ ಮುಟ್ಟಲಾಗದೆ ಅಕ್ಕ-ಭಾವ ಎರಡು ವರ್ಷ ಕಳೆದರು.

ಗೆದ್ದ ಮೇಲೂ ಮೈಮರೆಯುವ ಹಾಗಿಲ್ಲ. ಬಾಕಿ ಹಣ ಕಟ್ಟಲು ಡಿಕ್ರಿಯಲ್ಲಿ ಗಡುವು ಇರುತ್ತದೆ. ಅದು ತಪ್ಪಿದರೆ ಕರಾರನ್ನೇ ರದ್ದು ಮಾಡಿಸಲು ಮಾರಾಟಗಾರ ಅರ್ಜಿ ಹಾಕಬಹುದು. ಹಣ ಕಟ್ಟಿದ ಮೇಲೂ ಆತ ಸಹಿಗೆ ಬಾರದಿದ್ದರೆ ಅಮಲ್ಜಾರಿ ಅರ್ಜಿ ಹಾಕಿ. ಕೋರ್ಟೇ ಅವನ ಪರವಾಗಿ ಕ್ರಯಪತ್ರ ಮಾಡಿಕೊಡುತ್ತದೆ.

ಎಲ್ಲರೂ ಕೇಳುವ ನಾಲ್ಕು ಪ್ರಶ್ನೆ

*ಅಗ್ರಿಮೆಂಟ್ ರಿಜಿಸ್ಟರ್ ಆಗಿಲ್ಲ. ದಾವೆ ಹಾಕಬಹುದಾ?*
ಹಾಕಬಹುದು. ನೋಂದಣಿ ಕಾಯ್ದೆಯ 49ನೇ ಕಲಂ ಇಂಥ ದಾವೆಯಲ್ಲಿ ಅದನ್ನು ಕರಾರಿನ ಸಾಕ್ಷ್ಯವಾಗಿ ನೋಡಲು ಬಿಡುತ್ತದೆ. ಆದರೂ ರಿಜಿಸ್ಟರ್ ಮಾಡಿಸಿದ್ದರೆ ನೆಮ್ಮದಿ.

*ಮಾಲೀಕರು ತೀರಿಕೊಂಡರೆ ಅಗ್ರಿಮೆಂಟ್ ಸತ್ತಂತೆಯಾ?*
ಅಲ್ಲ. ವಾರಸುದಾರರ ಮೇಲೂ ದಾವೆ ಹಾಕಬಹುದು.

*ಅದು ಪಿತ್ರಾರ್ಜಿತ ಆಸ್ತಿ, ಹೆಣ್ಣುಮಕ್ಕಳು ಸಹಿ ಹಾಕಿಲ್ಲ. ಪರವಾಗಿಲ್ವಾ?*
ಪರವಾಗಿದೆ! ಪಾಲಿರುವವರೆಲ್ಲ ಸಹಿ ಹಾಕಿರಬೇಕು. ಸಹಿ ಹಾಕದವರ ಪಾಲನ್ನು ಕೋರ್ಟ್ ಮೂಲಕ ಬರೆಸಿಕೊಳ್ಳುವುದು ಕಷ್ಟ. ಅಡ್ವಾನ್ಸ್ ಕೊಡುವ ಮೊದಲೇ ವಂಶವೃಕ್ಷ ಕೇಳಿ.

*ಬಿಲ್ಡರ್ ಹತ್ತಿರ ಫ್ಲ್ಯಾಟ್ ಬುಕ್ ಮಾಡಿದ್ದೇನೆ. ಇದೇ ದಾರಿಯಾ?*
ರೇರಾಕ್ಕೆ ಒಳಪಡುವ ಯೋಜನೆಯಾದರೆ ಮೊದಲು ರೇರಾ ನೋಡಿ. ಅಲ್ಲಿ ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಅಡ್ವಾನ್ಸ್ ತೆಗೆದುಕೊಳ್ಳುವಂತಿಲ್ಲ. ಗಡುವು ತಪ್ಪಿದರೆ ಬಡ್ಡಿ ಸಹಿತ ಹಣ ವಾಪಸ್ ಕೇಳುವ ಹಕ್ಕೂ ಇದೆ.

ಇವತ್ತೇ ಒಂದು ಫೋಲ್ಡರ್ ಮಾಡಿ

ಅಡ್ವಾನ್ಸ್ ಕೊಟ್ಟ ದಿನವೇ ಫೋನ್‌ನಲ್ಲಿ, ಇಮೇಲ್‌ನಲ್ಲಿ ಒಂದು ಫೋಲ್ಡರ್ ಮಾಡಿ ಇವನ್ನು ಹಾಕಿಡಿ:

– ಅಗ್ರಿಮೆಂಟ್‌ನ ಎಲ್ಲ ಪುಟಗಳ ಸ್ಕ್ಯಾನ್. ಮೂಲ ಪ್ರತಿ ಮನೆಯ ಬೀರುವಿನಲ್ಲಿ.
– ಹಣ ಹೋದ ಪ್ರತಿ ವ್ಯವಹಾರದ ಬ್ಯಾಂಕ್ ದಾಖಲೆ.
– ಲೋನ್ ಮಂಜೂರಾತಿ ಪತ್ರ, ಗಡುವಿನ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಎಫ್‌ಡಿ.
– ಮಾಲೀಕರಿಗೆ ಕಳಿಸಿದ ಮೆಸೇಜ್, ಅವರ ಉತ್ತರ. ಚಾಟನ್ನು ಬ್ಯಾಕಪ್ ಮಾಡಿ, ಮೂಲ ಫೋನ್ ಎಸೆಯಬೇಡಿ. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಬೇಕಾಗುತ್ತದೆ.
– ನೋಟಿಸ್, ಅಂಚೆ ರಸೀದಿ, ತಲುಪಿದ ಸ್ವೀಕೃತಿ.
– ಗಡುವಿನ ದಿನಾಂಕ ಮತ್ತು ಅದಕ್ಕೆ ಮೂರು ವರ್ಷ ತುಂಬುವ ದಿನಾಂಕ. ಎರಡಕ್ಕೂ ರಿಮೈಂಡರ್ ಇರಲಿ.

ಇಷ್ಟು ಮಾಡಲು ಹತ್ತು ನಿಮಿಷ ಸಾಕು. ಮುಂದೆ ಕೋರ್ಟಿನ ಕಟಕಟೆಯಲ್ಲಿ ನಿಂತು ‘ನಾನು ಸಿದ್ಧನಿದ್ದೆ’ ಅನ್ನುವಾಗ ನಿಮ್ಮ ಬೆನ್ನಿಗೆ ನಿಲ್ಲುವುದು ಇದೇ ಹತ್ತು ನಿಮಿಷ. ನಿಮ್ಮ ಅಗ್ರಿಮೆಂಟ್‌ನ ಷರತ್ತು ಬೇರೆಯೇ ಇರಬಹುದು. ಹಾಗಾಗಿ ಹೆಜ್ಜೆ ಇಡುವ ಮೊದಲು ಕಾಗದಗಳನ್ನು ಒಬ್ಬ ಸಿವಿಲ್ ವಕೀಲರಿಗೆ ತೋರಿಸಿ.

ಅಂದ ಹಾಗೆ, ಭಾವನ ಕೇಸ್ ಏನಾಯಿತು?

2023ರ ಅಕ್ಟೋಬರ್‌ನಲ್ಲಿ ದಾವೆ ಹಾಕಿದರು, ತಡೆಯಾಜ್ಞೆ ಸಿಕ್ಕಿತು. ಲೋನ್ ಪತ್ರ, ಎಫ್‌ಡಿ ರಸೀದಿ ಕೋರ್ಟಿನ ಮುಂದೆ ಬಂದ ಮೇಲೆ ಎದುರಿನ ವಕೀಲರ ದನಿ ಮೆತ್ತಗಾಯಿತು. ಸೈಟನ್ನು ಬೇರೆಯವರಿಗೆ ಮಾರಲೂ ಆಗದೆ ಮಾಲೀಕರ ಮಕ್ಕಳಿಗೂ ಸಾಕಾಗಿತ್ತು. 2025ರಲ್ಲಿ ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. 48 ಲಕ್ಷದ ಬದಲು 53 ಲಕ್ಷ, 45 ದಿನದೊಳಗೆ ರಿಜಿಸ್ಟ್ರೇಷನ್. ಅದಾಲತ್‌ನ ತೀರ್ಮಾನಕ್ಕೆ ಡಿಕ್ರಿಯ ಬಲ ಇದೆ, ಮೇಲ್ಮನವಿ ಇಲ್ಲ. ‘ಇನ್ನೂ ಹೋರಾಡಿದ್ದರೆ 48ಕ್ಕೇ ಸಿಗ್ತಿತ್ತೇನೋ’ ಅಂತ ಭಾವ ಈಗಲೂ ಒಮ್ಮೊಮ್ಮೆ ಅಂತಾರೆ. ‘ಅಷ್ಟು ಹೊತ್ತಿಗೆ ಮಗಳ ಮದುವೆ ಆಗಿರ್ತಿತ್ತು’ ಅಂತಾಳೆ ಅಕ್ಕ. ಮಗಳು ಈಗ ಏಳನೇ ಕ್ಲಾಸು.

ನಗದಾಗಿ ಕೊಟ್ಟ ಒಂದೂವರೆ ಲಕ್ಷದ ಮಾತನ್ನು ರಾಜಿಯ ದಿನ ಯಾರೂ ಎತ್ತಲಿಲ್ಲ. ಮಾಲೀಕರೂ ಎತ್ತಲಿಲ್ಲ, ಭಾವನೂ ಎತ್ತಲಿಲ್ಲ.

ಗುದ್ದಲಿ ಪೂಜೆ ಮುಗಿದಿದೆ. ಅಕ್ಕ ಅಂದು ಗೆರೆ ಎಳೆದಿದ್ದ ಕಾಗದ ಎಲ್ಲೋ ಕಳೆದುಹೋಗಿದೆ. ಲೋನ್ ಮಂಜೂರಾತಿಯ ಆ ಹಳೇ ಪತ್ರ ಮಾತ್ರ ಇನ್ನೂ ಬೀರುವಿನಲ್ಲಿದೆ.